ಮನೆಯಲ್ಲಿ ಕಛೇರಿ: ತಂಬೂರಿಯೂ ತೊಪ್ಪಿಯೂ ಕೇಳಬೇಕಾದರೆ

ಟಿವಿಯಲ್ಲಿ ಕರ್ನಾಟಕ ಸಂಗೀತದ ಕಛೇರಿ ಹಾಕಿದರೆ ಹಾಡು ಕೇಳುತ್ತದೆ, ಪಿಟೀಲು ಕೇಳುತ್ತದೆ, ಮೃದಂಗದ ಬಲಗಡೆಯ ಪೆಟ್ಟುಗಳೂ ಟಣಟಣ ಎಂದು ಕೇಳುತ್ತವೆ. ಕಳೆದುಹೋಗುವುದು ಎರಡು ದನಿ. ಒಂದು, ಹಿಂದೆ ಕೂತು ಮೀಟುತ್ತಿರುವ ತಂಬೂರಿ. ಇನ್ನೊಂದು, ಮೃದಂಗದ ಎಡಗಡೆಯ ತೊಪ್ಪಿ. ತಂಬೂರಿ ಕೇಳದಿದ್ದರೆ ಆಲಾಪನೆಯಲ್ಲಿ ಗಾಂಧಾರ ಎಲ್ಲಿ ನಿಂತಿತು, ಷಡ್ಜಕ್ಕೆ ಎಷ್ಟು ಹದವಾಗಿ ಬಂದು ಸೇರಿತು ಎಂಬುದು ಕಿವಿಗೆ ದಕ್ಕುವುದಿಲ್ಲ. ತೊಪ್ಪಿ ಕೇಳದಿದ್ದರೆ ತನಿ ಆವರ್ತನ, ಅಂದರೆ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ, ಬರೀ ಬೆರಳಿನ ಸದ್ದಾಗಿ ಉಳಿಯುತ್ತದೆ. ಮನೆಯ ಟಿವಿ, ಸ್ಪೀಕರ್, ಕೋಣೆ ಎಷ್ಟು ಚೆನ್ನಾಗಿವೆ ಎಂದು ಅಳೆಯಲು ಇವೆರಡಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಕಿಲ್ಲ. ಇವನ್ನು ಕಳೆಯುವ ಕಾರಣಗಳಲ್ಲಿ ಹೆಚ್ಚಿನವು ದುಡ್ಡು ಖರ್ಚು ಮಾಡದೆಯೇ ಸರಿಪಡಿಸುವಂಥವು.

ಯಾಕೆ ಇವೆರಡೇ ಕಳೆದುಹೋಗುತ್ತವೆ ಎಂಬುದಕ್ಕೆ ಲೆಕ್ಕ ಇದೆ. ಸಿ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿ ತೆಗೆದುಕೊಳ್ಳಿ. ಅದರ ನಾಲ್ಕು ತಂತಿಗಳಲ್ಲಿ ಪಂಚಮ ಸುಮಾರು 98 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಷಡ್ಜದ ಎರಡು ತಂತಿಗಳಾದ ಸಾರಣೆ ಮತ್ತು ಅನುಸಾರಣೆ 131 ಹರ್ಟ್ಸ್, ಕೆಳಗಿನ ಷಡ್ಜವಾದ ಮಂದ್ರ 65 ಹರ್ಟ್ಸ್. ತೆಳ್ಳಗಿನ ಟಿವಿಯೊಳಗಿನ ಪುಟ್ಟ ಸ್ಪೀಕರ್ ಸಾಮಾನ್ಯವಾಗಿ 150ರಿಂದ 200 ಹರ್ಟ್ಸ್‌ಗಿಂತ ಕೆಳಗೆ ಸೋತುಹೋಗುತ್ತದೆ. ಅಂದರೆ ನಾಲ್ಕೂ ತಂತಿಗಳ ಮೂಲ ಕಂಪನ ಅದರ ಕೈಗೆ ಸಿಗುವುದಿಲ್ಲ. ಆದರೂ ತಂಬೂರಿಗೆ ಒಂದು ರಕ್ಷೆ ಇದೆ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಜೀವಾಳಿ ದಾರದಿಂದ ಮೇಲಿನ ಉಪಸ್ವರಗಳು, ಅಂದರೆ ಮೂಲ ಕಂಪನದ ಇಮ್ಮಡಿ ಮುಮ್ಮಡಿ ದನಿಗಳು, ಧಾರಾಳವಾಗಿ ಹುಟ್ಟುತ್ತವೆ. ಅವುಗಳ ನಡುವಿನ ಅಂತರವನ್ನು ಹಿಡಿದು ಮಿದುಳು ಇಲ್ಲದ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಸಣ್ಣ ಸ್ಪೀಕರಿನಲ್ಲೂ ಶ್ರುತಿ ತಿಳಿಯುತ್ತದೆ, ಆ ಉಪಸ್ವರಗಳನ್ನು ಯಾರೂ ದಾರಿಯಲ್ಲಿ ಕತ್ತರಿಸದಿದ್ದರೆ.

ತೊಪ್ಪಿಗೆ ಆ ರಕ್ಷೆ ಇಲ್ಲ. ಮೃದಂಗದ ಬಲಗಡೆಯ ಕರಣೆ ಎಂಬ ಕಪ್ಪು ಲೇಪ ಚರ್ಮದ ಕಂಪನಗಳನ್ನು ಕ್ರಮವಾದ ಉಪಸ್ವರಗಳಾಗಿ ಜೋಡಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಎಡಗಡೆ ಕಾಯಂ ಕರಣೆ ಇರುವುದಿಲ್ಲ, ಕಛೇರಿಗೆ ಮೊದಲು ಹಚ್ಚುವ ರವೆ ಮಾತ್ರ. ಅದರ ನಾದದ ಬಲವೆಲ್ಲ 100 ಹರ್ಟ್ಸ್‌ನ ಸುತ್ತಮುತ್ತ ಇರುತ್ತದೆ. ಅಷ್ಟು ಕೆಳಗಿನ ದನಿಯನ್ನು ಹೊರಡಿಸಲಾಗದ ಸ್ಪೀಕರಿನಲ್ಲಿ ತೊಪ್ಪಿಯನ್ನು ಒತ್ತಿ ನಾದವನ್ನು ಜಾರಿಸುವ ಗುಮ್ಕಿ ಎಂಬುದು ಚರ್ಮದ ಮೇಲೆ ಅಂಗೈ ಉಜ್ಜಿದ ಸದ್ದಾಗಿಬಿಡುತ್ತದೆ. ಒಟ್ಟಿನಲ್ಲಿ ತಂಬೂರಿಗೆ ಬೇಕಾದದ್ದು ಸೆಟ್ಟಿಂಗ್ ತಿದ್ದುವುದು, ತೊಪ್ಪಿಗೆ ಬೇಕಾದದ್ದು ಸ್ಪೀಕರ್ ಮತ್ತು ಕೋಣೆ ಸರಿಮಾಡುವುದು.

ಮೊದಲು ರಿಮೋಟ್

ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ. ಸೌಂಡ್ ಮೋಡ್ ‘ಸ್ಟ್ಯಾಂಡರ್ಡ್’ ಅಥವಾ ‘ಮ್ಯೂಸಿಕ್’ ಇರಲಿ. ‘ಕ್ಲಿಯರ್ ವಾಯ್ಸ್’, ‘ಡೈಲಾಗ್ ಎನ್‌ಹ್ಯಾನ್ಸ್’ ಮುಂತಾದ ಹೆಸರಿನದು ಏನೇ ಇದ್ದರೂ ಆಫ್ ಮಾಡಿ. ಇವು ಸಿನಿಮಾದ ಮಾತು ಸ್ಪಷ್ಟವಾಗಲೆಂದು ಮಾಡಿದವು. ಮಾತಿನ ಪಟ್ಟಿಯನ್ನು ಎತ್ತಿ, ಹಿನ್ನೆಲೆ ಎಂದು ತಮಗೆ ತೋಚಿದ್ದನ್ನು ಅಮುಕುತ್ತವೆ. ಒಂದೇ ಸಮನೆ ನಡೆಯುವ ತಂಬೂರಿ ಅವುಗಳ ಲೆಕ್ಕದಲ್ಲಿ ಹಿನ್ನೆಲೆ. ‘ವರ್ಚುವಲ್ ಸರೌಂಡ್’ ಕೂಡ ಆಫ್ ಆಗಬೇಕು. ಬಹಳಷ್ಟು ಕಛೇರಿಗಳ ವಿಡಿಯೋದಲ್ಲಿ ಎಡ ಬಲ ಎರಡಕ್ಕೂ ಬರುವುದು ಒಂದೇ ದನಿ. ಅದನ್ನು ಕೃತಕವಾಗಿ ಹರಡಿದರೆ ಗಾಯಕರ ದನಿ ಟೊಳ್ಳಾಗುತ್ತದೆ.

‘ಆಟೋ ವಾಲ್ಯೂಮ್’, ‘ನೈಟ್ ಮೋಡ್’ ಇನ್ನೂ ಕೆಟ್ಟವು. ಮೆಲ್ಲನೆಯದನ್ನು ಎತ್ತಿ, ಜೋರಾದದ್ದನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಅವುಗಳ ಕೆಲಸ. ಯೂಟ್ಯೂಬಿನಲ್ಲೂ 2023ರಿಂದ ‘ಸ್ಟೇಬಲ್ ವಾಲ್ಯೂಮ್’ ಎಂಬುದೊಂದು ಬಂದಿದೆ. ವಿಡಿಯೋ ಓಡುವಾಗ ಗಿಯರ್ ಗುರುತು ಒತ್ತಿದರೆ ಅಲ್ಲೇ ಸಿಗುತ್ತದೆ, ಎಷ್ಟೋ ಸಲ ತಾನಾಗಿಯೇ ಆನ್ ಆಗಿರುತ್ತದೆ. ಇಂಥದ್ದು ಎಲ್ಲೋ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ: ಆಲಾಪನೆಯ ಮೆಲುದನಿಯ ಒಂದು ಜಾಗ ಕೇಳಿ, ನೇರವಾಗಿ ತನಿಯ ಕೊನೆಯ ಜೋರು ನುಡಿಕೆಯಾದ ಮೋಹರಕ್ಕೆ ಹಾರಿ. ಎರಡೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳಿದರೆ ದನಿಯನ್ನು ಯಾವುದೋ ಒಂದು ಸೆಟ್ಟಿಂಗ್ ಮಟ್ಟ ಮಾಡುತ್ತಿದೆ ಎಂದೇ ಅರ್ಥ.

ಸೌಂಡ್‌ಬಾರ್ ಅಥವಾ ಆಂಪ್ಲಿಫೈಯರ್ ಇದ್ದರೆ ಅದನ್ನು ಟಿವಿಗೆ ಜೋಡಿಸಲು ಎಚ್‌ಡಿಎಂಐ ವೈರನ್ನು ‘ಎಆರ್‌ಸಿ’ (ಟಿವಿಯ ದನಿಯನ್ನು ಹೊರಗೆ ಕಳಿಸುವ ದಾರಿ) ಎಂದು ಬರೆದಿರುವ ಕಿಂಡಿಗೇ ಹಾಕಬೇಕು. ಬೇರೆ ಕಿಂಡಿಗೆ ಹಾಕಿದರೆ ದನಿ ಹೊರಗೆ ಬರುವುದಿಲ್ಲ. ಟಿವಿಯ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ಗೆ, ಅಂದರೆ ಕುಗ್ಗಿಸದ ನೇರ ದನಿಗೆ, ಇಡಿ. ಎರಡು ಚಾನೆಲ್ಲಿನ ಕಛೇರಿಗೆ ಅದು ಬೇಕಾದಷ್ಟಾಯಿತು, ದನಿ ಬಿಚ್ಚಿ ಕಟ್ಟುವ ಕೆಲಸವೂ ತಪ್ಪುತ್ತದೆ. ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಇಲ್ಲವೆಂದು ಕೊರಗಬೇಕಿಲ್ಲ. ಅದು ಬಹುಚಾನೆಲ್ಲಿನ ಬ್ಲೂರೇ ದನಿಗೆ ಬೇಕಾದ ಅನುಕೂಲ, ಕಛೇರಿಗೆ ಅದರಿಂದ ಹೆಚ್ಚಿನದೇನೂ ಸಿಗದು. ಹಳೆಯ ಆಂಪ್ಲಿಫೈಯರ್ ಆದರೆ ಆಪ್ಟಿಕಲ್ ವೈರೂ ಆಗುತ್ತದೆ, ಹೆಡ್‌ಫೋನ್ ಕಿಂಡಿಯಿಂದ ಎಳೆದ ಮಾಮೂಲಿ ವೈರೂ ಆಗುತ್ತದೆ. ಬ್ಲೂಟೂತ್ ಮಾತ್ರ ಬೇಡ, ಕಾರಣ ಮುಂದೆ ಬರುತ್ತದೆ.

ಸ್ಪೀಕರಿನ ಕೆಂಪು ಕಪ್ಪು ವೈರುಗಳನ್ನು ಎರಡೂ ಕಡೆ ಒಮ್ಮೆ ನೋಡಿಬಿಡಿ. ಒಂದು ಸ್ಪೀಕರಿನಲ್ಲಿ ಮಾತ್ರ ಅದಲುಬದಲಾಗಿದ್ದರೆ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತೊಪ್ಪಿಯ ನಾದ ಗಾಳಿಯಲ್ಲೇ ರದ್ದಾಗುತ್ತದೆ, ಗಾಯಕರ ದನಿ ನಡುವಿನಲ್ಲಿ ನಿಲ್ಲದೆ ತಲೆಯ ಸುತ್ತ ಎಲ್ಲೋ ತೇಲುತ್ತದೆ. ಸಂಶಯ ಬಂದರೆ ಒಂದೇ ಸ್ಪೀಕರಿನ ಎರಡು ವೈರು ಅದಲಿಸಿ ಕೇಳಿ. ಗುಮ್ಕಿ ತುಂಬಿಕೊಂಡು ಬಂದ ಕಡೆಯೇ ಸರಿ.

10×12ರ ಕೋಣೆಯಲ್ಲಿ ತೊಪ್ಪಿ

ಸ್ಪೀಕರ್ ಒಳ್ಳೆಯದಿದ್ದರೂ ತೊಪ್ಪಿಯನ್ನು ಕೆಡಿಸಬಲ್ಲದ್ದು ಕೋಣೆ. ಎದುರುಬದುರು ಗೋಡೆಗಳ ನಡುವೆ ಕೆಲವು ದನಿಗಳು ಸಿಕ್ಕಿಕೊಂಡು ಉಬ್ಬುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 1125 ಅಡಿ ಓಡುತ್ತದೆ. ಗೋಡೆಗಳ ಅಂತರವನ್ನು ಎರಡರಿಂದ ಗುಣಿಸಿ ಅದರಿಂದ 1125ನ್ನು ಭಾಗಿಸಿದರೆ ಉಬ್ಬುವ ಮೊದಲ ದನಿ ಸಿಗುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 10×12 ಅಡಿಯ ಕೋಣೆಗೆ ಲೆಕ್ಕ ಹಾಕಿ: 10 ಅಡಿಗೆ 56 ಹರ್ಟ್ಸ್, 12 ಅಡಿಗೆ 47. ಇವುಗಳ ಇಮ್ಮಡಿ, ಅಂದರೆ 112 ಮತ್ತು 94 ಹರ್ಟ್ಸ್, ಕೂಡ ಉಬ್ಬುತ್ತವೆ. ತೊಪ್ಪಿಯ ನಾದ ಇರುವುದು ಇಲ್ಲೇ. ಸೂರೂ 10 ಅಡಿ ಎತ್ತರವಿದ್ದರೆ 56 ಮತ್ತು 112 ಎರಡೆರಡು ದಿಕ್ಕಿನಿಂದ ಉಬ್ಬುತ್ತವೆ. ಇಂಥ ಕೋಣೆಯಲ್ಲಿ ಗುಮ್ಕಿಯ ಜಾರು ಒಂದು ಸ್ವರಕ್ಕೆ ಬಂದಾಗ ಗುಂಯ್ ಎಂದು ಕೋಣೆ ತುಂಬಿ, ಪಕ್ಕದ ಸ್ವರಕ್ಕೆ ಹೋದಾಗ ಇಲ್ಲವಾಗುತ್ತದೆ. ಕೇಳುವವರು ಬೇಸ್ ಜಾಸ್ತಿಯಾಯಿತು ಎಂದು ಬೇಸ್ ತಗ್ಗಿಸುತ್ತಾರೆ. ಆಗ ಉಳಿದಿದ್ದ ತೊಪ್ಪಿಯೂ ಹೋಗುತ್ತದೆ.

ಬೇಸ್ ಗುಂಡಿಯನ್ನು ಅದರ ಪಾಡಿಗೆ ಬಿಟ್ಟು ಕುರ್ಚಿಯನ್ನು ಸರಿಸಿ. 94ರ ಉಬ್ಬು ಅತಿ ಹೆಚ್ಚು ಇರುವುದು ಹಿಂಗೋಡೆಗೆ ಒರಗಿ ಕೂತರೆ, ಮತ್ತೆ ಕೋಣೆಯ ಸರಿ ನಡುವೆ ಕೂತರೆ. ಸೋಫಾ ಇರುವುದು ಬಹುತೇಕ ಮನೆಗಳಲ್ಲಿ ಗೋಡೆಗೆ ತಾಗಿಯೇ. 12 ಅಡಿಯ ಉದ್ದದಲ್ಲಿ ಹಿಂಗೋಡೆಯಿಂದ 4 ಅಡಿ ಮುಂದೆ ಕೂತರೆ 47 ಮತ್ತು 94 ಎರಡೂ ಅರ್ಧಕ್ಕೆ ಇಳಿಯುತ್ತವೆ. ಸ್ಪೀಕರುಗಳನ್ನು 10 ಅಡಿಯ ಗೋಡೆಯ ಮುಂದೆ, ಪಕ್ಕದ ಗೋಡೆಗಳಿಂದ ತಲಾ ಎರಡೂವರೆ ಅಡಿಗೆ ಇಡಿ. ಅಗಲದ ಕಾಲು ಭಾಗದಲ್ಲಿ ನಿಂತ ಸ್ಪೀಕರ್ ಆ ದಿಕ್ಕಿನ 112ರ ಉಬ್ಬನ್ನು ಎಬ್ಬಿಸಲಾರದು. ಆಗ ಎರಡರ ನಡುವೆ 5 ಅಡಿ ಅಂತರ ಉಳಿಯುತ್ತದೆ. ಸ್ಪೀಕರುಗಳನ್ನು ಅವುಗಳ ಬೆನ್ನ ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದು ಕೂರುವ ಜಾಗದ ಕಡೆ ತುಸು ತಿರುಗಿಸಿದರೆ ಕಿವಿಗೆ ಸುಮಾರು 7 ಅಡಿ ದೂರ. ಸ್ಪೀಕರ್ ಪೆಟ್ಟಿಗೆಯಲ್ಲಿ ಮೇಲೆ ಇರುವ ಸಣ್ಣ ಸ್ಪೀಕರ್ ಕಿವಿಯ ಎತ್ತರಕ್ಕೆ ಬರಬೇಕು: ಕುರ್ಚಿಯಲ್ಲಿ ಕೂತರೆ ನೆಲದಿಂದ ಮೂರೂಕಾಲು ಅಡಿ, ಚಾಪೆ ಹಾಕಿ ಕೂತರೆ ಎರಡೂವರೆ. ಚಾಪೆಯಲ್ಲಿ ಕೂರುವವರಿಗೆ ಒಂದು ಲಾಭವೂ ಇದೆ. 10 ಅಡಿ ಸೂರಿನ ಕಾಲು ಭಾಗವೇ ಎರಡೂವರೆ ಅಡಿ, ಆ ಎತ್ತರದಲ್ಲಿ ನೆಲ ಮತ್ತು ಸೂರಿನ ನಡುವಿನ 112ರ ಉಬ್ಬು ಕಿವಿಗೆ ಬಹುಮಟ್ಟಿಗೆ ತಟ್ಟುವುದಿಲ್ಲ.

ನಿಮ್ಮ ಕೋಣೆಯ ಅಳತೆ ಬೇರೆಯಾದರೆ ಇದೇ ಲೆಕ್ಕವನ್ನು ಹಾಕಿಕೊಳ್ಳಿ. ಕೂರುವುದು ಉದ್ದದ ಮೂರನೇ ಒಂದು ಭಾಗದಲ್ಲಿ, ಸ್ಪೀಕರ್ ಅಗಲದ ಕಾಲು ಭಾಗದಲ್ಲಿ. ಅಷ್ಟು ಜಾಗ ಬಿಡಲಾಗದ ಮನೆಯಲ್ಲೂ ಸೋಫಾವನ್ನು ಗೋಡೆಯಿಂದ ಒಂದು ಅಡಿ ಎಳೆದರೆ ವ್ಯತ್ಯಾಸ ತಿಳಿಯುತ್ತದೆ. ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ ತುರುಕುವುದು, ಮೂಲೆಗೆ ಒತ್ತುವುದು ಬೇಡವೇ ಬೇಡ. ಗೂಡೇ ಒಂದು ಪೆಟ್ಟಿಗೆಯಾಗಿ ತನ್ನದೇ ದನಿ ಸೇರಿಸುತ್ತದೆ.

ಇನ್ನು ಗ್ರಾನೈಟ್ ನೆಲ, ಬರೀ ಗೋಡೆ. ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ‘ಟ್ರ್‌ರ್’ ಎಂಬ ಬಾಲ ಬಂದರೆ ದನಿ ಎದುರುಬದುರು ಗೋಡೆಗಳ ನಡುವೆ ಚೆಂಡಾಡುತ್ತಿದೆ. ಪಿಟೀಲಿನ ಮೇಲಿನ ಸ್ಥಾಯಿ ಕರ್ಕಶವಾಗುವುದೂ, ಖಂಜಿರದ ಪೆಟ್ಟುಗಳು ಒಂದರೊಳಗೊಂದು ಕಲಸಿಹೋಗುವುದೂ ಇದರಿಂದಲೇ. ಎರಡರಲ್ಲಿ ಒಂದು ಗೋಡೆಗೆ ಪುಸ್ತಕದ ಕಪಾಟು ಬರಲಿ, ಇಲ್ಲವೇ ನೆರಿಗೆ ದಟ್ಟವಾಗಿರುವ ದಪ್ಪ ಪರದೆ. ಪರದೆಯ ಬಟ್ಟೆ ಕಿಟಕಿಯ ಅಗಲದ ಎರಡರಷ್ಟಾದರೂ ಇರಬೇಕು. ಸ್ಪೀಕರಿಗೂ ಕೂರುವ ಜಾಗಕ್ಕೂ ನಡುವೆ ಜಮಖಾನ ಹಾಸಿದರೆ ನೆಲದಿಂದ ಪುಟಿಯುವ ಮೇಲಿನ ದನಿ ತಗ್ಗುತ್ತದೆ. ತೊಪ್ಪಿಯ ಗುಂಯ್‌ಗೆ ಜಮಖಾನವೂ ಸಾಲದು, ಗೋಡೆಗೆ ಅಂಟಿಸುವ ಮೊಟ್ಟೆಯ ಟ್ರೇಯೂ ಸಾಲದು. 100 ಹರ್ಟ್ಸ್‌ನ ಒಂದು ಅಲೆ 11 ಅಡಿಗೂ ಉದ್ದ, ಅರ್ಧ ಇಂಚಿನ ವಸ್ತುವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹತ್ತಿಯ ದಪ್ಪ ಹಾಸಿಗೆಯನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಅಷ್ಟಿಷ್ಟು ಕೆಲಸ ಮಾಡೀತು. ಫ್ಯಾನನ್ನು ಒಂದು ಪಾಯಿಂಟ್ ಇಳಿಸಿ. ಮೆಲ್ಲಗಿನ ಆಲಾಪನೆಯ ವೇಳೆ ತಂಬೂರಿಯನ್ನು ಮುಚ್ಚುವುದು ಎಷ್ಟೋ ಮನೆಗಳಲ್ಲಿ ಫ್ಯಾನಿನ ಗಾಳಿಸದ್ದೇ.

ರಾತ್ರಿ ವಾಲ್ಯೂಮ್ ಇಳಿಸಿದಾಗ ತೊಪ್ಪಿ ಮತ್ತೆ ಮಾಯವಾದರೆ ಯಂತ್ರದ ತಪ್ಪಲ್ಲ. ಮೆಲುದನಿಯಲ್ಲಿ ನಮ್ಮ ಕಿವಿಗೆ ಕೆಳಗಿನ ಸ್ವರ ಮೇಲಿನದಕ್ಕಿಂತ ಬೇಗ ಕ್ಷೀಣಿಸುತ್ತದೆ. ಆಗ ಬೇಸನ್ನು 3–4 ಡೆಸಿಬಲ್ ಏರಿಸುವುದು ಸರಿ. ಹೆಡ್‌ಫೋನ್ ಹಾಕುವುದಾದರೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯಬೇಕು. ಮೂರು ಗಂಟೆಯ ಕಛೇರಿಗಳನ್ನು ದಿನವೂ ಕೇಳುವವರು ಇದನ್ನು ನೆನಪಿಡಬೇಕು.

ಕೈ ಮೊದಲು, ಪೆಟ್ಟು ಆಮೇಲೆ

ಘಟದ ಮೇಲೆ ಬೆರಳು ಬಿದ್ದದ್ದು ಕಾಣುತ್ತದೆ, ಸದ್ದು ತಡವಾಗಿ ಬರುತ್ತದೆ. ಸ್ವಲ್ಪ ತಡವಾದರೆ ಯಾರಿಗೂ ತಿಳಿಯದು: ಸಭೆಯಲ್ಲಿ 10 ಮೀಟರ್ ಹಿಂದೆ ಕೂತವರಿಗೂ ಸದ್ದು 29 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ, ನಾವು ಅದಕ್ಕೆ ಒಗ್ಗಿಕೊಂಡವರು. ಸದ್ದು ಚಿತ್ರಕ್ಕಿಂತ ಮೊದಲೇ ಬಂದರೆ ಮಾತ್ರ ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ಲೋಕದಲ್ಲಿ ಎಲ್ಲೂ ಹಾಗಾಗುವುದಿಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಸದ್ದು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ನೋಡುವವರಿಗೆ ತಿಳಿಯತೊಡಗುತ್ತದೆ. ಮಾಮೂಲಿ ಬ್ಲೂಟೂತ್ ಸ್ಪೀಕರಿನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಮೊಬೈಲಿನಲ್ಲಿ ಆ್ಯಪ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತದೆ, ಎಷ್ಟೋ ಟಿವಿಗಳು ಹಾಗೆ ಮಾಡುವುದಿಲ್ಲ. ದ್ರುತ ಕಾಲದಲ್ಲಿ 200 ಮಿಲಿಸೆಕೆಂಡ್ ಅಂದರೆ ಒಂದೆರಡು ಪೆಟ್ಟುಗಳೇ ದಾಟಿಹೋಗಿರುತ್ತವೆ.

ಪರೀಕ್ಷೆಗೆ ಹಾಡುವವರ ತುಟಿ ನೋಡಬೇಡಿ, ಎಳೆದ ಸ್ವರದಲ್ಲಿ ಏನೂ ಗೊತ್ತಾಗದು. ತನಿ ಶುರುವಾಗುವಲ್ಲಿ, ಮೌನದ ನಂತರ ಬೀಳುವ ಒಂಟಿ ಪೆಟ್ಟನ್ನು ಹಿಡಿಯಿರಿ. ಅದನ್ನೇ ನಾಲ್ಕಾರು ಸಲ ಓಡಿಸಿ ಯಾವುದು ಮೊದಲು ಎಂದು ನಿರ್ಧರಿಸಿ. ಸದ್ದು ಮೊದಲಾದರೆ ಟಿವಿ ಚಿತ್ರವನ್ನು ಸಂಸ್ಕರಿಸಲು ಹೊತ್ತು ತೆಗೆದುಕೊಳ್ಳುತ್ತಿದೆ. ‘ಎವಿ ಸಿಂಕ್’ ಅಥವಾ ‘ಆಡಿಯೋ ಡಿಲೇ’ಯನ್ನು 20 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ. ಸದ್ದು ಹಿಂದಾದರೆ ಆ ಸೆಟ್ಟಿಂಗ್‌ನಿಂದ ಉಪಯೋಗವಿಲ್ಲ, ಅದು ಸದ್ದನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು ಮುಂದೆ ತರಲಾರದು. ವೈರು ಹಾಕುವುದು, ಔಟ್‌ಪುಟ್ ಪಿಸಿಎಂಗೆ ಇಡುವುದು, ಸೌಂಡ್‌ಬಾರಿನ ಸರೌಂಡ್ ತೆಗೆಯುವುದು, ಇಷ್ಟೇ ದಾರಿ.

ಇನ್ನೊಂದು ಬಗೆ ಇದೆ, ಬಹಳ ಜನರನ್ನು ತಬ್ಬಿಬ್ಬು ಮಾಡುವಂಥದ್ದು. ಕಛೇರಿಯ ಶುರುವಿನ ವರ್ಣದಲ್ಲಿ ಎಲ್ಲ ಸರಿ, ತನಿಗೆ ಬರುವಷ್ಟರಲ್ಲಿ ಕೈ ಒಂದು ಕಡೆ ಪೆಟ್ಟು ಒಂದು ಕಡೆ. ದನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ಆಮೇಲೆ ಚಿತ್ರಕ್ಕೆ ಅಂಟಿಸಿದಾಗ ಹೀಗಾಗುತ್ತದೆ. ಎರಡು ಯಂತ್ರಗಳ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 180 ಮಿಲಿಸೆಕೆಂಡ್, ಮೂರು ಗಂಟೆಗೆ ಅರ್ಧ ಸೆಕೆಂಡಿಗೂ ಹೆಚ್ಚು ಜಾರುತ್ತದೆ. ಟಿವಿಯಲ್ಲಿ ಮದ್ದಿಲ್ಲ. ಕಡತ ನಿಮ್ಮ ಬಳಿ ಇದ್ದರೆ ಕಂಪ್ಯೂಟರಿನಲ್ಲಿ ವಿಎಲ್‌ಸಿಯಲ್ಲಿ ಓಡಿಸಿ: ‘ಜೆ’ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ಮುಂದಕ್ಕೆ, ‘ಕೆ’ ಒತ್ತಿದರೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಕಛೇರಿ ನಡೆದಂತೆ ಅಲ್ಲಲ್ಲಿ ಒಂದೆರಡು ಸಲ ಒತ್ತುತ್ತ ಹೋದರೆ ಸಾಕು.

ಚಿತ್ರದ ಬಗ್ಗೆ ಹೇಳಬೇಕಾದ್ದು ಕಡಿಮೆ. ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ, ಅದು ಮೃದಂಗದ ಬೆರಳುಗಳನ್ನು ಕಲಸಿಬಿಡುತ್ತದೆ. ಇಲ್ಲಿನ ಎಷ್ಟೋ ಕಛೇರಿಗಳನ್ನು ಸೆಕೆಂಡಿಗೆ 25 ಚಿತ್ರದಂತೆ ತೆಗೆದಿರುತ್ತಾರೆ. 60ರ ವೇಗದಲ್ಲಿ ಓಡುವ ಟಿವಿ ಅವನ್ನು 2, 2, 3, 2, 3 ಸಲ ತೋರಿಸಿ ಲೆಕ್ಕ ಸರಿದೂಗಿಸುವುದರಿಂದ ಪಿಟೀಲಿನ ಕಮಾನು ತಡವರಿಸಿದಂತೆ ಕಾಣುತ್ತದೆ. ಟಿವಿಗೆ ಜೋಡಿಸಿದ ಸ್ಟ್ರೀಮಿಂಗ್ ಪೆಟ್ಟಿಗೆಯಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಇದ್ದರೆ ಆನ್ ಮಾಡಿ. ಪ್ರಸಾರ ಭಾರತಿ ಆರ್ಕೈವ್ಸ್ ಯೂಟ್ಯೂಬಿಗೆ ಹಾಕಿರುವ ದೂರದರ್ಶನದ ಹಳೆಯ ಧ್ವನಿಮುದ್ರಣಗಳನ್ನು ಚಿತ್ರ ಮಸುಕೆಂದು ಬಿಡಬೇಡಿ. ಸ್ಟುಡಿಯೋದಲ್ಲಿ ಶ್ರದ್ಧೆಯಿಂದ ಮೈಕು ಇಟ್ಟು ಹಿಡಿದ ದನಿ, ಇವತ್ತಿನ ಎಷ್ಟೋ ಫೋರ್‌ಕೆ ಲೈವ್‌ಗಿಂತ ಅದು ಮೇಲು. ನೆಟ್ ನಿಧಾನವಿದ್ದರೆ ಚಿತ್ರವನ್ನು ತಗ್ಗಿಸಿ ನೋಡಿ. ಯೂಟ್ಯೂಬಿನಲ್ಲಿ ಚಿತ್ರ ಮತ್ತು ದನಿ ಬೇರೆ ಬೇರೆಯಾಗಿ ಬರುತ್ತವೆ, 1080ಕ್ಕೆ 5 ಎಂಬಿಪಿಎಸ್ ಬೇಕಾದರೆ 480ಕ್ಕೆ ಒಂದು ಚಿಲ್ಲರೆ ಸಾಕು.

ಮನೆಯಲ್ಲಿ ವಾಸಿಯಾಗದ ದೋಷಗಳು

ಧ್ವನಿಮುದ್ರಣದಲ್ಲೇ ಇಲ್ಲದ್ದನ್ನು ಯಾವ ಸ್ಪೀಕರೂ ತರಲಾರದು. ಹೆಚ್ಚಿನ ಲೈವ್‌ಗಳಿಗೆ ದನಿ ಬರುವುದು ಸಭೆಯ ಮಿಕ್ಸರಿನಿಂದ. ಅಲ್ಲಿ ಕೂತವರು ಮಿಕ್ಸ್ ಮಾಡುವುದು ಎದುರಿಗಿರುವ ಜನರಿಗಾಗಿ. ಸಣ್ಣ ಸಭಾಂಗಣದಲ್ಲಿ ಮೃದಂಗ ಮೈಕಿಲ್ಲದೆಯೇ ಕೇಳುವುದರಿಂದ ಅದರ ಮೈಕನ್ನು ಇಳಿಸಿರುತ್ತಾರೆ. ಸಭೆಗೆ ಅದು ಹದ, ಮಿಕ್ಸರಿನಿಂದ ಮನೆಗೆ ಬರುವ ದನಿಯಲ್ಲಿ ಮಾತ್ರ ಮೃದಂಗವೇ ಸಣಕಲು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಛೇರಿಗಳಂಥ ದೊಡ್ಡ ಪೆಂಡಾಲಿನಲ್ಲಿ ಎಲ್ಲ ವಾದ್ಯಕ್ಕೂ ಮೈಕು ಬೇಕೇ ಬೇಕು, ಹಾಗಾಗಿ ಅಂಥ ಕಡೆ ಮಿಕ್ಸರಿನ ದನಿಯಲ್ಲಿ ವಾದ್ಯಗಳ ಪ್ರಮಾಣ ಮನೆಗೂ ಹೊಂದುವ ಸಂಭವ ಹೆಚ್ಚು. ಕ್ಯಾಮೆರಾದ ಮೈಕಿನಿಂದ ಹಿಡಿದ ದನಿಯಲ್ಲಿ ಪ್ರಮಾಣ ಸರಿ ಇದ್ದರೂ ಸಭಾಂಗಣದ ಗುಂಗು ಎಲ್ಲವನ್ನೂ ಮುಚ್ಚಿರುತ್ತದೆ. ಕ್ಯಾಮೆರಾ ತಾನೇ ಮಟ್ಟ ಸರಿಪಡಿಸಿಕೊಳ್ಳುವ ಬಗೆಯದಾದರೆ ಮೃದಂಗದ ಪ್ರತಿ ಜೋರು ಪೆಟ್ಟಿಗೂ ತಂಬೂರಿ ಮುಳುಗಿ, ಅರೆಕ್ಷಣದಲ್ಲಿ ಮತ್ತೆ ಉಬ್ಬಿ ಬರುತ್ತದೆ.

ಜೂಮ್‌ನಂಥ ಸಭೆಯ ಆ್ಯಪಿನಲ್ಲಿ ನಡೆಯುವ ಕಛೇರಿಯಲ್ಲಿ ತಂಬೂರಿ ನಾಲ್ಕೈದು ಸೆಕೆಂಡಿನಲ್ಲಿ ಕರಗಿಹೋದರೆ ಆ್ಯಪ್ ಅದನ್ನು ಗದ್ದಲವೆಂದು ಅಳಿಸುತ್ತಿದೆ. ಹಾಡುವವರ ಕಡೆ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್’ ಆನ್ ಆಗಬೇಕು, ಕೇಳುವವರ ಕಡೆಯಿಂದ ಮಾಡುವುದೇನೂ ಇಲ್ಲ. ಮನೆಯಲ್ಲೇ ವಾಸಿಯಾಗುವ ರೆಕಾರ್ಡಿಂಗ್ ದೋಷ ಒಂದಿದೆ: ದನಿ ಎಡಗಡೆಯಿಂದ ಮಾತ್ರ ಬರುವುದು. ಮೊಬೈಲಿನ ಅಥವಾ ಕಂಪ್ಯೂಟರಿನ ಆಕ್ಸೆಸಿಬಿಲಿಟಿಯಲ್ಲಿ ‘ಮೋನೋ ಆಡಿಯೋ’ ಒತ್ತಿದರೆ ಎರಡೂ ಕಡೆ ಬರುತ್ತದೆ. ಕಛೇರಿ ಮುಗಿದ ಮೇಲೆ ಅದನ್ನು ಮರೆಯದೆ ತೆಗೆಯಿರಿ.

ಒಂದೇ ಕಛೇರಿಯ ಎರಡು ಮೂರು ವಿಡಿಯೋಗಳು ಸಿಗುವುದುಂಟು. ಆರಿಸಲು ಹಾಡು ಕೇಳಬೇಕಿಲ್ಲ, ಮೊದಲ ಕೃತಿ ಮುಗಿದಾಗಿನ ಚಪ್ಪಾಳೆ ಕೇಳಿ. ಅದು ಸಣ್ಣದಾಗಿ, ದೂರದಿಂದ, ಗಾಯಕರ ಮೈಕಿನ ಮೂಲಕವೇ ತೂರಿ ಬಂದಂತಿದ್ದರೆ ಬರೀ ಮಿಕ್ಸರಿನ ದನಿ. ಹಾಡಿಗಿಂತ ಚಪ್ಪಾಳೆಯೇ ಜೋರಾಗಿ ಕಿವಿಗೆ ಅಪ್ಪಳಿಸಿದರೆ ಪ್ರೇಕ್ಷಕರ ನಡುವಿನ ಕ್ಯಾಮೆರಾ. ಎಡಬಲಕ್ಕೆ ಹರಡಿಕೊಂಡು, ಹಾಡಿಗೆ ತಕ್ಕ ಜೋರಿನಲ್ಲಿ ಬಂದರೆ ಯಾರೋ ಮಿಕ್ಸರಿನ ದನಿಗೆ ಸಭಾಂಗಣದ ಮೈಕುಗಳನ್ನು ಬೆರೆಸಿ, ಕೂತು ಹದ ಮಾಡಿದ್ದಾರೆ. ಆ ವಿಡಿಯೋವನ್ನೇ ಹಾಕಿಕೊಳ್ಳಿ.